ಒಂದೇ ಸಹಿಯ ಕಾಡು

(ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನು ಮಾತ್ರ ಹಾಗೇ ಉಳಿಸಿದ್ದೇನೆ.)

ಕರಪತ್ರದಲ್ಲಿ ನನ್ನ ವಿಷಯ 'ಬಡ ದೇಶಗಳ ಅರಣ್ಯ ಆಡಳಿತ ಮತ್ತು ವಿದೇಶಿ ಬಂಡವಾಳ' ಅಂತ ಅಚ್ಚಾಗಿದೆ. ಒಳಗೆ ಬರುವಾಗ ಒಬ್ಬ ಹಿರಿಯರು ಬಾಗಿಲಲ್ಲೇ ನನ್ನನ್ನು ಹಿಡಿದರು. "ಅಲ್ರೀ, ದಾವಣಗೆರ್ಯಾಗ ಕಾಡೆಲ್ಲೈತಿ? ಇಲ್ಲಿ ಈ ಮಾತು ಯಾಕ್ರಿ?" ಅಂದರು.

ಕಾಡು ಇಲ್ಲವೇ ಇಲ್ಲ ಅನ್ನುವಂತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಅಂತಲೇ ಒಂದು ವನ್ಯಧಾಮ ಇದೆ. ಆದರೆ ನಾನು ಅವರಿಗೆ ಆ ಉತ್ತರ ಕೊಡಲಿಲ್ಲ. "ಬೆಳಿಗ್ಗೆ ನಲ್ಲಿ ಬಂತಾ?" ಅಂತ ಕೇಳಿದೆ. "ಬಂತು" ಅಂದರು. ಆ ನೀರು ಕುಂದವಾಡ ಕೆರೆಯದೋ ಟಿವಿ ಸ್ಟೇಷನ್ ಕೆರೆಯದೋ ಇರಬಹುದು. ಎರಡೂ ಕೆರೆ ತುಂಬುವುದು ಭದ್ರಾ ನಾಲೆಯಿಂದ. ನಾಲೆಗೆ ನೀರು ಲಕ್ಕವಳ್ಳಿ ಅಣೆಕಟ್ಟಿನಿಂದ ಬರುತ್ತದೆ. ಅಣೆಕಟ್ಟಿಗೆ ಭದ್ರೆ. ಭದ್ರೆ ಹುಟ್ಟುವುದು ಕುದುರೆಮುಖದ ಬೆಟ್ಟಸಾಲಿನ ಗಂಗಾಮೂಲದಲ್ಲಿ. ಅಲ್ಲಿಗೆ ಒಂದು ಕಾಲದಲ್ಲಿ ಇರಾನಿನ ದುಡ್ಡು ಬಂದಿತ್ತು. ಹಾಗಾಗಿ ಇಲ್ಲಿಂದಲೇ ಶುರು ಮಾಡೋಣ.

1970ರ ದಶಕ. ತೈಲದ ಬೆಲೆ ಏರಿ ಇರಾನಿನ ಶಾ ಕೈಯಲ್ಲಿ ದುಡ್ಡು ಓಡಾಡುತ್ತಿದ್ದ ಕಾಲ. ಅವರಿಗೆ ಉಕ್ಕಿನ ಕಾರ್ಖಾನೆ ಕಟ್ಟಬೇಕಿತ್ತು, ಅದಕ್ಕೆ ಅದಿರು ಬೇಕಿತ್ತು. ನಮ್ಮ ಕುದುರೆಮುಖದಲ್ಲಿ ಅದಿರು ಇತ್ತು, ತೆಗೆಯಲು ದುಡ್ಡು ಇರಲಿಲ್ಲ. ಇರಾನು 63 ಕೋಟಿ ಡಾಲರ್ ಸಾಲ ಕೊಡುವುದು, ನಾವು ಅದಿರು ಕೊಡುವುದು ಅಂತ ಮಾತಾಯಿತು. 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಹುಟ್ಟಿತು. ಮಳೆಕಾಡಿನ ನಡುವೆ ಒಂದು ಊರೇ ಎದ್ದಿತು. ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುವ ಏರ್ಪಾಡು. ನಿಜ ಹೇಳಬೇಕೆಂದರೆ ಎಂಜಿನಿಯರಿಂಗ್ ಲೆಕ್ಕದಲ್ಲಿ ಅದು ಅದ್ಭುತ ಕೆಲಸ. ಅಲ್ಲಿ ದುಡಿದವರು ಈಗಲೂ ಹೆಮ್ಮೆಯಿಂದ ಮಾತಾಡುತ್ತಾರೆ. ಅವರ ಹೆಮ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ.

1979ರಲ್ಲಿ ಇರಾನಿನಲ್ಲಿ ಕ್ರಾಂತಿ ಆಯಿತು. ಶಾ ಓಡಿಹೋದರು. ಹೊಸ ಸರ್ಕಾರಕ್ಕೆ ನಮ್ಮ ಅದಿರು ಬೇಡವಾಯಿತು, ಪೂರ್ತಿ ಸಾಲವೂ ಬರಲಿಲ್ಲ. ಗಣಿ ಯಾರಿಗೋಸ್ಕರ ಶುರುವಾಯಿತೋ ಅವರೇ ಇಲ್ಲ. ಹಾಗಂತ ಗಣಿ ನಿಂತಿತಾ? ನಿಲ್ಲಲಿಲ್ಲ. ಯಂತ್ರ ಬಂದಾಗಿತ್ತು, ಊರು ಎದ್ದಾಗಿತ್ತು. ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ನಡೆಯಿತು. 1987ರಲ್ಲಿ ಅದೇ ಬೆಟ್ಟಗಳನ್ನು ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು. ಆಗಲೂ ನಡೆಯಿತು. 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿಯಿತು. ತಾತ್ಕಾಲಿಕ ಅನುಮತಿಗಳ ಮೇಲೆ ಆಮೇಲೂ ನಡೆಯಿತು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹೂಳು ಹೊತ್ತು ಬರುತ್ತಿದ್ದಳು.

ನಿಲ್ಲಿಸಿದ್ದು ಯಾರು? ನಾಗರಹೊಳೆಯಲ್ಲಿ ಕೆಲಸ ಮಾಡಿದ್ದ ಮಾಜಿ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ಮುಚ್ಚಿತು. ಇರಾನಿನ ದುಡ್ಡು ನಿಂತ ಮೇಲೂ ಅದು ಶುರು ಮಾಡಿಸಿದ ಗಣಿ ಕಾಲು ಶತಮಾನ ನಡೆಯಿತು ಅಂತಾಯಿತು. ನನ್ನ ಮಾತಿನ ತಿರುಳು ಇಲ್ಲೇ ಇದೆ. ಹೊರಗಿನ ಬಂಡವಾಳ ಎಷ್ಟು ಮರ ಕಡಿಸಿತು ಅನ್ನುವ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ. ಅದು ಬಂದ ಮೇಲೆ ಕಾಡಿನ ಬಗ್ಗೆ ತೀರ್ಮಾನ ಮಾಡುವ ಅಧಿಕಾರ ಯಾರ ಕೈ ಸೇರಿತು ಅನ್ನುವುದನ್ನು ನಾವು ಅಷ್ಟಾಗಿ ನೋಡುವುದಿಲ್ಲ.

ಅರಣ್ಯ ಆಡಳಿತ ಅಂದ ತಕ್ಷಣ ನಮ್ಮ ಕಣ್ಣಿಗೆ ಖಾಕಿ ಬಟ್ಟೆ, ಜೀಪು, ಚೆಕ್‌ಪೋಸ್ಟು ಬರುತ್ತವೆ. ನಾನು ಹೇಳುತ್ತಿರುವುದು ಇನ್ನೂ ಸಣ್ಣ ಸಂಗತಿ. ಒಂದು ಜಾಗ ಬಿಟ್ಟುಕೊಡಲು ಎಷ್ಟು ಜನರ ಸಹಿ ಬೇಕು?

ಒಬ್ಬ ಹೂಡಿಕೆದಾರನ ಜಾಗದಲ್ಲಿ ಕೂತು ಯೋಚಿಸಿ. ದಾವಣಗೆರೆ ಹೊರಗೆ 500 ಎಕರೆ ಬೇಕು ಅಂದುಕೊಳ್ಳಿ. ಪಹಣಿ ತೆಗೆಸಿದರೆ ನೂರಾರು ಹೆಸರು. ಅಣ್ಣ ಒಪ್ಪಿದರೆ ತಮ್ಮ ಒಪ್ಪಲ್ಲ. ತಮ್ಮ ಒಪ್ಪಿದರೆ ತಂಗಿಯ ಪಾಲಿನ ಕೇಸು ಕೋರ್ಟಲ್ಲಿ ಇರುತ್ತದೆ. ಅದೇ ಕಾಡಾದರೆ? ಮಾಲೀಕ ಒಬ್ಬನೇ, ಸರ್ಕಾರ. ಇಲ್ಲಿ ಬ್ರಿಟಿಷರು 1878ರ ಅರಣ್ಯ ಕಾಯ್ದೆಯಲ್ಲಿ ಈ ದಾರಿ ಹಾಕಿದರು. ಇಂಡೋನೇಷ್ಯಾದಲ್ಲಿ ಡಚ್ಚರು, ಆಫ್ರಿಕಾದಲ್ಲಿ ಫ್ರೆಂಚರು ಮತ್ತು ಉಳಿದವರು ಹೆಚ್ಚುಕಡಿಮೆ ಇದನ್ನೇ ಮಾಡಿದರು. ಯಾರ ಹೆಸರಿಗೂ ಕಾಗದ ಇಲ್ಲದ ನೆಲವೆಲ್ಲ ಸರ್ಕಾರದ್ದು. ಸ್ವಾತಂತ್ರ್ಯ ಬಂದಾಗ ಬಾವುಟ ಬದಲಾಯಿತು, ಆ ಕಾನೂನು ಉಳಿಯಿತು. ಬಡ ದೇಶಗಳ ಕಾಡು ಬಂಡವಾಳಕ್ಕೆ ರುಚಿಸುವುದಕ್ಕೆ ಮರ, ಅದಿರು ಎಷ್ಟು ಕಾರಣವೋ ಈ ಒಂದೇ ಸಹಿಯ ಸೌಕರ್ಯವೂ ಅಷ್ಟೇ ಕಾರಣ ಅಂತ ನನಗೆ ಅನ್ನಿಸುತ್ತದೆ.

ಇಂಡೋನೇಷ್ಯಾ ನೋಡಿ. ಸುಹಾರ್ತೊ ಅಧಿಕಾರ ಹಿಡಿದ ಹೊಸತು. 1967ರಲ್ಲಿ ಎರಡು ಕಾಯ್ದೆ ಬಂದವು. ಒಂದು ವಿದೇಶಿ ಬಂಡವಾಳದ ಕಾಯ್ದೆ, ಇನ್ನೊಂದು ಅರಣ್ಯ ಕಾಯ್ದೆ. ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ ಅಲ್ಲ. ಮೊದಲನೆಯದು ಬಾಗಿಲು ತೆಗೆಯಿತು, ಎರಡನೆಯದು ಒಳಗಿನ ಜಾಗವನ್ನು ಖಾಲಿ ಅಂತ ತೋರಿಸಿತು. ಅಮೆರಿಕದ ದೊಡ್ಡ ಮರದ ಕಂಪನಿಗಳು ಬೋರ್ನಿಯೋ ದ್ವೀಪದ ಕಾಲಿಮಂತಾನಿಗೆ ಬಂದವು. ತಲೆತಲಾಂತರದಿಂದ ಅಲ್ಲೇ ಇದ್ದ ದಯಾಕ್ ಜನ ಬೆಳಗಾಗುವುದರೊಳಗೆ ಗುತ್ತಿಗೆ ಜಾಗದಲ್ಲಿ ಅತಿಕ್ರಮಣದಾರರಾದರು.

ಇಲ್ಲಿ ನಮ್ಮ ಗಾದೆ ಒಂದು ನೆನಪಾಗುತ್ತದೆ. ಕೊಡಲಿ ಕಾವು ಕುಲಕ್ಕೆ ಮೃತ್ಯು. ಕೊಡಲಿಯ ಕಬ್ಬಿಣ ಎಲ್ಲಿಂದಲಾದರೂ ಬರಲಿ, ಹಿಡಿಕೆ ಅದೇ ಕಾಡಿನದು. ಇಂಡೋನೇಷ್ಯಾ 1985ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಮರ ದೇಶದೊಳಗೇ ಪ್ಲೈವುಡ್ ಆಗಲಿ ಅಂತ. ಕೇಳಲು ಎಷ್ಟು ಚೆನ್ನಾಗಿದೆ! ಪ್ಲೈವುಡ್ ವ್ಯಾಪಾರ ಸುಹಾರ್ತೊ ಜೊತೆ ಗಾಲ್ಫ್ ಆಡುತ್ತಿದ್ದ ಬಾಬ್ ಹಸನ್ ಮುಷ್ಟಿಗೆ ಹೋಯಿತು. ಕೊನೆಗೆ ಆತ ಜೈಲಿಗೆ ಹೋದದ್ದು ಯಾವುದಕ್ಕೆ ಗೊತ್ತಾ? ಕಾಡಿನ ನಕಾಶೆ ಮಾಡುವ ಗುತ್ತಿಗೆಯಲ್ಲಿ ಮಾಡಿದ ಮೋಸಕ್ಕೆ. ಕಾಡು ಎಲ್ಲಿದೆ ಅಂತ ತೋರಿಸುವ ಕೆಲಸದಲ್ಲೇ ಕಳ್ಳತನ.

ಆದರೆ ಆ ದೇಶದಿಂದ ನಾನು ಹೇಳಲೇಬೇಕಾದ ಕಥೆ 2004ರದ್ದು. ಸುಹಾರ್ತೊ ಬಿದ್ದ ಮೇಲೆ, 1999ರಲ್ಲಿ ಹೊಸ ಅರಣ್ಯ ಕಾಯ್ದೆ ಬಂತು. ರಕ್ಷಿತ ಕಾಡಿನಲ್ಲಿ ತೆರೆದ ಗಣಿ ಕೂಡದು ಅಂತ ಅದರಲ್ಲಿ ಬರೆದರು. ಕಾಡಿನಲ್ಲಿ ಗುತ್ತಿಗೆ ಹಿಡಿದಿದ್ದ ಗಣಿ ಕಂಪನಿಗಳಿಗೆ ಇದು ಕಹಿಯಾಯಿತು. ನಮ್ಮ ಒಪ್ಪಂದ ಹಳೆಯದು, ನಿಮ್ಮ ಕಾಯ್ದೆ ಹೊಸದು ಅಂದವು. ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಿ ಪರಿಹಾರ ಕೇಳುವ ಬೆದರಿಕೆ ಸರ್ಕಾರದ ಮುಂದೆ ಇತ್ತು. ಇದು ನಮ್ಮ ಊರ ಪಂಚಾಯ್ತಿ ಕಟ್ಟೆಯಂತಲ್ಲ. ವಾಷಿಂಗ್ಟನ್ನಿನಂಥ ಕಡೆ ಮೂವರು ವಕೀಲರು ಕೂತು, ಒಂದು ದೇಶ ಒಂದು ಕಂಪನಿಗೆ ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡುತ್ತಾರೆ. ಕಂಪನಿ ದೇಶದ ಮೇಲೆ ದಾವೆ ಹೂಡಬಹುದು. ಕಾಡಿನ ಜನ ಕಂಪನಿಯ ಮೇಲೆ ಅಲ್ಲಿ ದಾವೆ ಹೂಡುವ ಹಾಗಿಲ್ಲ. 2004ರಲ್ಲಿ ಅಧ್ಯಕ್ಷೆ ಮೇಘಾವತಿ ಸುಗ್ರೀವಾಜ್ಞೆ ತಂದರು. 13 ಕಂಪನಿಗಳಿಗೆ ರಕ್ಷಿತ ಕಾಡಿನಲ್ಲಿ ಗಣಿ ಮಾಡಲು ಬಿಟ್ಟರು. ಸಂಸತ್ತೂ ಒಪ್ಪಿತು. ದಾವೆ ಹೂಡುವುದೂ ಬೇಕಾಗಲಿಲ್ಲ, ಹೂಡುತ್ತೇವೆ ಅಂದದ್ದೇ ಸಾಕಾಯಿತು. ಸ್ವಂತ ಕಾಯ್ದೆಗೆ ಸ್ವಂತ ದೇಶವೇ ತೇಪೆ ಹಾಕಿಕೊಂಡಿತು.

ಭಾರತಕ್ಕೂ ಇಂಥ ಬಿಸಿ ಮುಟ್ಟಿದೆ, ಕಾಡಿನ ವಿಷಯದಲ್ಲಿ ಅಲ್ಲದಿದ್ದರೂ. ಅದಕ್ಕೇ 2016–17ರ ಸುಮಾರಿಗೆ ನಮ್ಮ ಸರ್ಕಾರ ಐವತ್ತಕ್ಕೂ ಹೆಚ್ಚು ಹಳೆಯ ಹೂಡಿಕೆ ಒಪ್ಪಂದಗಳನ್ನು ಕೈಬಿಟ್ಟಿತು. ಮೊದಲು ನಮ್ಮ ಕೋರ್ಟುಗಳಲ್ಲಿ ನ್ಯಾಯ ಕೇಳಿ, ಆಮೇಲೆ ಹೊರಗೆ ಹೋಗಿ ಅನ್ನುವ ಹೊಸ ಮಾದರಿ ಮಾಡಿಕೊಂಡಿತು. ಸರ್ಕಾರಗಳನ್ನು ಹೊಗಳುವ ಚಾಳಿ ನನಗೆ ಕಡಿಮೆ. ಇದನ್ನು ಮಾತ್ರ ಒಳ್ಳೆಯ ಕೆಲಸ ಅನ್ನುತ್ತೇನೆ.

ಆಫ್ರಿಕಾದ್ದು ಬೇಗ ಹೇಳಿಬಿಡುತ್ತೇನೆ. ಲೈಬೀರಿಯಾದಲ್ಲಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಕಾಲದಲ್ಲಿ ಮರದ ದುಡ್ಡು ಯುದ್ಧಕ್ಕೆ ಹೋಗುತ್ತಿತ್ತು. 2003ರಲ್ಲಿ ವಿಶ್ವಸಂಸ್ಥೆ ಆ ದೇಶದ ಮರವನ್ನೇ ನಿಷೇಧಿಸಿತು. ಯುದ್ಧ ಮುಗಿದ ಮೇಲೆ ಗುತ್ತಿಗೆ ಕಾಗದಗಳನ್ನೆಲ್ಲ ಹರಡಿ ಕೂಡಿಸಿದರೆ, ದೇಶದಲ್ಲಿದ್ದ ಕಾಡಿಗಿಂತ ಎರಡು ಪಟ್ಟಿಗೂ ಜಾಸ್ತಿ ಕಾಡನ್ನು ಗುತ್ತಿಗೆ ಕೊಟ್ಟಿದ್ದರು! ಒಂದೇ ಸೈಟನ್ನು ಮೂವರಿಗೆ ರಿಜಿಸ್ಟರ್ ಮಾಡಿಕೊಡುವವರು ನಮ್ಮಲ್ಲಷ್ಟೇ ಇಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬಹುದು. 2006ರಲ್ಲಿ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಎಲ್ಲ ಗುತ್ತಿಗೆಗಳನ್ನೂ ಒಂದೇ ಏಟಿಗೆ ರದ್ದು ಮಾಡಿದರು. ಕ್ಯಾಮರೂನಿನಲ್ಲಿ 2009ರಲ್ಲಿ ಅಮೆರಿಕದ ಹೆರಾಕ್ಲಿಸ್ ಫಾರ್ಮ್ಸ್‌ನವರು 73 ಸಾವಿರ ಹೆಕ್ಟೇರಿಗೆ 99 ವರ್ಷದ ಒಪ್ಪಂದ ಮಾಡಿಕೊಂಡರು, ತಾಳೆ ಎಣ್ಣೆಗೆ. ಸರ್ಕಾರದ ಪರವಾಗಿ ಸಹಿ ಹಾಕಿದ್ದು ಆರ್ಥಿಕ ಇಲಾಖೆ, ಅರಣ್ಯ ಇಲಾಖೆ ಅಲ್ಲ. ಗಲಾಟೆ ಜೋರಾದ ಮೇಲೆ 2013ರಲ್ಲಿ ಅದನ್ನು 20 ಸಾವಿರ ಹೆಕ್ಟೇರಿಗೂ ಕೆಳಗೆ ಇಳಿಸಿದರು.

ಎಲ್ಲ ಕಡೆ ಕೆಟ್ಟದ್ದೇ ಆಯಿತು ಅಂದರೆ ಸುಳ್ಳಾಗುತ್ತದೆ. ಗಬಾನ್ 2010ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಮರ ಬೇಕಾದವರು ಇಲ್ಲಿಗೇ ಬಂದು ಕಾರ್ಖಾನೆ ಹಾಕಿ ಅಂದಿತು. ಸಿಂಗಾಪುರದ ಕಂಪನಿಯೊಂದರ ಜೊತೆ ಸೇರಿ ಕೈಗಾರಿಕಾ ವಲಯ ಮಾಡಿತು, ಹೊರಗಿನ ಬಂಡವಾಳ ಬಂತು, ಕೆಲಸವೂ ಹುಟ್ಟಿತು. ಹಾಗಂತ ಕಳ್ಳತನ ನಿಂತಿತು ಅಂದುಕೊಳ್ಳಬೇಡಿ. 2019ರಲ್ಲಿ ಬಂದರಿನಲ್ಲಿ ವಶಪಡಿಸಿಕೊಂಡಿದ್ದ ಬೆಲೆಬಾಳುವ ಮರದ 353 ಕಂಟೇನರುಗಳು ಮಾಯವಾದವು. ಉಪಾಧ್ಯಕ್ಷರನ್ನೂ ಅರಣ್ಯ ಮಂತ್ರಿಯನ್ನೂ ಮನೆಗೆ ಕಳಿಸಿದರು. ನಮ್ಮ ಬೇಲೆಕೇರಿ ಬಂದರಿನಲ್ಲಿ ಅದಿರು ಮಾಯವಾದದ್ದು ನೆನಪಿದೆ ಅಲ್ವಾ?

ಈಗ ನಮ್ಮ ದೇಶಕ್ಕೆ ಬರುತ್ತೇನೆ. ಪೋಸ್ಕೊ ಹೆಸರು ನಿಮಗೆಲ್ಲ ಗೊತ್ತು. ದಕ್ಷಿಣ ಕೊರಿಯಾದ ಉಕ್ಕಿನ ಕಂಪನಿ. ಅದು ಎರಡು ಕಡೆ ಜಾಗ ಕೇಳಿತು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಕೇಳಿದ್ದು ರೈತರ ಹೊಲ. ರೈತರು ತಿರುಗಿಬಿದ್ದರು, ತೋಂಟದಾರ್ಯ ಮಠದ ಸ್ವಾಮಿಗಳು ಅವರ ಜೊತೆ ನಿಂತರು, 2011ರಲ್ಲಿ ರಾಜ್ಯ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಅಷ್ಟೇ. ಒಡಿಶಾದಲ್ಲಿ ಕೇಳಿದ್ದು ಸುಮಾರು 4 ಸಾವಿರ ಎಕರೆ. ಅದರಲ್ಲಿ ಬಹುಪಾಲು ದಾಖಲೆಯಲ್ಲಿ ಅರಣ್ಯ. ಹೋಗಿ ನೋಡಿದರೆ ವೀಳ್ಯದೆಲೆ ತೋಟ. ಎಲೆಬಳ್ಳಿ ಹಬ್ಬಿಸಿ ಸಂಸಾರ ನಡೆಸುತ್ತಿದ್ದ ಜನ. ಆದರೆ ಕೈಯಲ್ಲಿ ಪಟ್ಟಾ ಇಲ್ಲ. 2005ರಲ್ಲಿ ಒಪ್ಪಂದ ಆಯಿತು. ಗ್ರಾಮಸಭೆಗಳು ಬೇಡ ಅಂದವು. ಪೊಲೀಸರು ಬಂದರು, ತೋಟ ಕಿತ್ತರು. ಹನ್ನೆರಡು ವರ್ಷ ಎಳೆದಾಡಿ 2017ರಲ್ಲಿ ಕಂಪನಿ ಹೊರಟುಹೋಯಿತು. ಕಂಪನಿ ಅದೇ, ದೇಶ ಅದೇ, ಕಾಲವೂ ಹೆಚ್ಚುಕಡಿಮೆ ಅದೇ. ಒಂದು ಕಡೆ ಪಹಣಿ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಕಂಪನಿ ಹೋಯಿತಲ್ಲ, ತೋಟ ವಾಪಸ್ ಬಂತಾ? ಇಲ್ಲ. ಜಾಗವನ್ನು ಸರ್ಕಾರ ತನ್ನ ಭೂ ಬ್ಯಾಂಕಿಗೆ, ಅಂದರೆ ಮುಂದಿನ ಕಾರ್ಖಾನೆಗೆ ಅಂತ ಕಾದಿಡುವ ಜಾಗದ ಪಟ್ಟಿಗೆ, ಹಾಕಿಕೊಂಡಿತು. ಆಮೇಲೆ ಅದು ದೇಶಿ ಉಕ್ಕು ಕಂಪನಿಯೊಂದರ ಯೋಜನೆಗೆ ಹೋಯಿತು. ಇರಾನಿನ ಕಥೆಯೇ ಮತ್ತೆ.

ಒಡಿಶಾದ್ದೇ ಆದ ನಿಯಮಗಿರಿ ಬೆಟ್ಟದಲ್ಲಿ ಬೇರೆಯದೇ ಆಯಿತು. ಲಂಡನ್ ಷೇರುಪೇಟೆಯಲ್ಲಿದ್ದ ವೇದಾಂತ ಕಂಪನಿಗೆ ಅಲ್ಲಿನ ಬಾಕ್ಸೈಟ್ ಬೇಕಿತ್ತು. ಅಲ್ಲಿನ ಡೋಂಗ್ರಿಯಾ ಕೊಂಧ್ ಬುಡಕಟ್ಟಿನವರಿಗೆ ಆ ಬೆಟ್ಟ ದೇವರು. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದುಕೊಂಡು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳನ್ನೇ ಕೇಳಿ ಅಂದಿತು. ರಾಜ್ಯ ಸರ್ಕಾರ ಹನ್ನೆರಡೇ ಹನ್ನೆರಡು ಹಳ್ಳಿ ಆರಿಸಿತು. ಜಿಲ್ಲಾ ನ್ಯಾಯಾಧೀಶರ ಎದುರು, ಮಳೆಯಲ್ಲಿ, ಒಂದೊಂದೇ ಸಭೆ ನಡೆಯಿತು. ಹನ್ನೆರಡೂ ಬೇಡ ಅಂದವು. ಇದರಲ್ಲಿ ವಿದೇಶಿ ಹೂಡಿಕೆದಾರರ ಪಾತ್ರ ಇನ್ನೊಂದು ರೀತಿಯದ್ದೂ ಇದೆ. ನಾರ್ವೆ ಸರ್ಕಾರದ ಪಿಂಚಣಿ ನಿಧಿ 2007ರಲ್ಲೇ ಆ ಕಂಪನಿಯಿಂದ ದುಡ್ಡು ತೆಗೆದಿತ್ತು. ಇಂಗ್ಲೆಂಡಿನ ಚರ್ಚು 2010ರಲ್ಲಿ ಷೇರು ಮಾರಿತು. ಹೊರಗಿನ ದುಡ್ಡಿಗೆ ಮರ್ಯಾದೆಯ ಹೆದರಿಕೆ ಇರುತ್ತದೆ, ಕೆಲವು ಸಲವಾದರೂ. ದೇಶದೊಳಗಿನ ದುಡ್ಡಿಗೆ ಆ ಹೆದರಿಕೆ ಎಷ್ಟಿದೆಯೋ ನೀವೇ ಹೇಳಿ.

ಇದನ್ನು ಹೇಳುವಾಗ ನಮ್ಮ ಹರಿಹರದ ಕಥೆ ಬಿಡಲಾಗುವುದಿಲ್ಲ. ಹೊಳೆಯ ಆ ಕಡೆ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನಾರು ಮಾಡುವ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಬೇಕಿತ್ತು. 1984ರಲ್ಲಿ ರಾಜ್ಯ ಸರ್ಕಾರ ಅದರ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನುವ ಜಂಟಿ ಕಂಪನಿ ಮಾಡಿತು. ಸುಮಾರು 30 ಸಾವಿರ ಹೆಕ್ಟೇರ್ ಜಾಗ ಕೊಡುವುದು ಅಂತಾಯಿತು. ಯಾವ ಜಾಗ? ಸಿ ಮತ್ತು ಡಿ ದರ್ಜೆಯ ಜಾಗ. ಕಡತದಲ್ಲಿ ಅದು ಪಾಳು. ಹಳ್ಳಿಯಲ್ಲಿ ಅದು ದನ ಮೇಯುವ ಬಯಲು, ಸೌದೆ, ಸೊಪ್ಪು, ಕಾರೆಹಣ್ಣು. ಇಲ್ಲಿ ಒಬ್ಬ ವಿದೇಶಿಯೂ ಇರಲಿಲ್ಲ. ಸಹಿ ಮಾತ್ರ ಒಂದೇ, ಬೆಂಗಳೂರಿನದ್ದು. ಸಮಾಜ ಪರಿವರ್ತನ ಸಮುದಾಯದವರು ಹಳ್ಳಿಗಳನ್ನು ಒಟ್ಟು ಮಾಡಿದರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಅಂತ ಹೆಸರು. ಸತ್ಯಾಗ್ರಹಕ್ಕೆ ಇದಕ್ಕಿಂತ ಚೆಂದದ ಹೆಸರನ್ನು ನಾನು ಕೇಳಿಲ್ಲ. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಿತು.

ನಮ್ಮೂರಿನಲ್ಲಿ ಕೋರ್ಟೂ ಇಲ್ಲ, ಸತ್ಯಾಗ್ರಹವೂ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದೆ. ಆಗ ವಿಶ್ವಬ್ಯಾಂಕು ಮತ್ತು ಬ್ರಿಟನ್ನಿನ ನೆರವಿನಲ್ಲಿ ಸಾಮಾಜಿಕ ಅರಣ್ಯ ಯೋಜನೆ ನಡೆಯುತ್ತಿತ್ತು. ಒಂದು ಬೇಸಿಗೆ ನಮ್ಮ ಗೋಮಾಳದಲ್ಲಿ ಗುಂಡಿ ತೋಡಿ ನೀಲಗಿರಿ ನೆಟ್ಟರು. ನಮ್ಮಜ್ಜ ಅಲ್ಲಿಗೆ ಹೋಗಿ, "ಏನಪ್ಪಾ, ಇದನ್ನ ಎಮ್ಮೆ ತಿಂತಾವೇನು?" ಅಂತ ಕೇಳಿದರು. "ಇಲ್ಲಜ್ಜಾ, ತಿನ್ನಲ್ಲ, ಅದಕ್ಕೇ ಇದನ್ನ ಹಾಕಿರೋದು" ಅಂದ ನೆಡುವವನು. ಅವನ ಮಾತು ಸರಿಯೇ. ದನ ಬಾಯಿ ಹಾಕದ ಗಿಡ ಬದುಕುತ್ತದೆ, ಬದುಕಿದ ಗಿಡದ ಲೆಕ್ಕ ಸಾಲ ಕೊಟ್ಟವರಿಗೆ ತೋರಿಸಬಹುದು. ಅಜ್ಜ ಆ ವರ್ಷ ಎರಡು ಎಮ್ಮೆ ಮಾರಿದರು. ಸಾಲ, ನೆರವು, ಹೂಡಿಕೆ ಮೂರೂ ಬೇರೆ ಬೇರೆ ಅಂತ ಅರ್ಥಶಾಸ್ತ್ರದ ಮೇಷ್ಟ್ರುಗಳು ನನ್ನನ್ನು ತಿದ್ದಬಹುದು. ನಮ್ಮಜ್ಜನಿಗೆ ಆ ವ್ಯತ್ಯಾಸ ಕಾಣಲಿಲ್ಲ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಎದ್ದಳು. "ಸರ್, ಹಾಗಾದ್ರೆ ವಿದೇಶಿ ಬಂಡವಾಳನೇ ಬೇಡ ಅಂತೀರಾ?"

ಹಾಗೆ ಹೇಳಲಿಲ್ಲಮ್ಮ. ಕರ್ನಾಟಕ ಪಲ್ಪ್‌ವುಡ್‌ನಲ್ಲಿ ವಿದೇಶ ಎಲ್ಲಿತ್ತು? ಚಳ್ಳಕೆರೆಯ ಅಮೃತ ಮಹಲ್ ಕಾವಲಿನಲ್ಲಿ ಎಲ್ಲಿತ್ತು? ಅಲ್ಲಿ ಸುಮಾರು 10 ಸಾವಿರ ಎಕರೆ ಹುಲ್ಲುಗಾವಲು ನಮ್ಮದೇ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಕುರಿ ಮೇಯಿಸುವವರಿಗೆ ಸುದ್ದಿ ಗೊತ್ತಾದದ್ದು ಗೋಡೆ ಏಳುವಾಗ. ಹೊರಗಿನ ದುಡ್ಡು ಹೊಸದಾಗಿ ರೋಗ ತರುವುದಕ್ಕಿಂತ ಇರುವ ರೋಗವನ್ನು ಜೋರು ಮಾಡುವುದೇ ಜಾಸ್ತಿ. ದೊಡ್ಡ ಮೊತ್ತ, ಉದ್ದದ ಗುತ್ತಿಗೆ, ಗುಟ್ಟಿನ ಒಪ್ಪಂದ, ಮುರಿದರೆ ಪರಿಹಾರ. ಹಳ್ಳಿಯ ಸಹಿಯೂ ಬೇಕು ಅನ್ನುವ ಕಡೆ ಅದೇ ದುಡ್ಡು ಸ್ವಲ್ಪ ತಗ್ಗಿ ನಡೆಯುತ್ತದೆ.

ಇನ್ನೊಬ್ಬರು ಕಾರ್ಬನ್ ಕ್ರೆಡಿಟ್ ಬಗ್ಗೆ, ಅಂದರೆ ಕಾಡು ಹೀರಿಕೊಳ್ಳುವ ಇಂಗಾಲಕ್ಕೆ ಕಂಪನಿಗಳು ದುಡ್ಡು ಕೊಡುವ ಏರ್ಪಾಡಿನ ಬಗ್ಗೆ ಕೇಳಿದರು. ಕಾಡು ಉಳಿಸಲು ದುಡ್ಡು ಕೊಟ್ಟರೆ ಒಳ್ಳೆಯದೇ ಅಲ್ವಾ ಅಂತ.

ಒಳ್ಳೆಯದಿರಬಹುದು. ಆದರೆ ಮತ್ತೆ ಲೈಬೀರಿಯಾ ನೋಡಿ. 2023ರಲ್ಲಿ ದುಬೈನ ಬ್ಲೂ ಕಾರ್ಬನ್ ಕಂಪನಿ ಅಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಕಾಡಿನ ಕಾರ್ಬನ್ ಹಕ್ಕಿಗೆ ಮಾತುಕತೆ ನಡೆಸಿತು. ಆ ದೇಶದ ನೆಲದಲ್ಲಿ ಹತ್ತರಲ್ಲಿ ಒಂದು ಪಾಲು. ಕರಡು ಹೊರಬಿದ್ದು ಗದ್ದಲ ಆಯಿತು. ಯಾಕೆಂದರೆ 2018ರ ಭೂ ಹಕ್ಕು ಕಾಯ್ದೆ ಪ್ರಕಾರ ಅಲ್ಲಿ ಈಗ ಸಮುದಾಯದ ಒಪ್ಪಿಗೆ ಬೇಕು. ಮರ ಕಡಿಯಲು ಬಂದವರನ್ನು ಕೇಳಿದ ಪ್ರಶ್ನೆಯನ್ನೇ ಮರ ಉಳಿಸಲು ಬಂದವರನ್ನೂ ಕೇಳಬೇಕು. ಯುರೋಪಿನವರು 2020ರ ನಂತರ ಕಾಡು ಕಡಿದ ನೆಲದ ಕಾಫಿ, ರಬ್ಬರ್, ಮರ ಕೊಳ್ಳುವುದಿಲ್ಲ ಅಂತ 2023ರಲ್ಲಿ ನಿಯಮ ಮಾಡಿದ್ದಾರೆ. ಜಾರಿಯನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ. ಉದ್ದೇಶ ಸರಿ. ಆದರೆ ಚಿಕ್ಕಮಗಳೂರಿನ ಎರಡು ಎಕರೆಯ ಕಾಫಿ ಬೆಳೆಗಾರ ತನ್ನ ತೋಟದ ಜಿಪಿಎಸ್ ಗುರುತು ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಅನ್ನುವುದನ್ನು ಅವನಿಲ್ಲದೆಯೇ ತೀರ್ಮಾನ ಮಾಡಿದ್ದಾರೆ.

ಕೊನೆಗೆ ಎದ್ದವರು ಜಗಳೂರು ಕಡೆಯವರು. ಹೆಗಲ ಮೇಲೆ ಟವೆಲ್ಲು. "ಸಾರ್, ನಮ್ಮ ಗುಡ್ಡದ ಮ್ಯಾಲೆ ಫ್ಯಾನ್ ಹಾಕ್ತಾರಂತೆ. ರಸ್ತೆಗೆ ಅಳತೆ ಮಾಡ್ಕೊಂಡ್ ಹೋದ್ರು. ಯಾವ ಕಂಪನಿ ಅಂತ ಗೊತ್ತಿಲ್ಲ. ಅರಣ್ಯದ ಗುಡ್ಡ ಅದು. ಕೇಳೋದು ಯಾರನ್ನ?"

ಗಾಳಿಯಿಂದ ಕರೆಂಟು ಮಾಡುವ ಫ್ಯಾನಾದರೂ ಅರಣ್ಯ ಭೂಮಿ ಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಅರ್ಜಿ ಹಾಕಲೇಬೇಕು ಅಂತ ಹೇಳಿದೆ. ಅರ್ಜಿ ಕೇಂದ್ರ ಪರಿಸರ ಸಚಿವಾಲಯದ 'ಪರಿವೇಶ್' ಅನ್ನುವ ವೆಬ್‌ಸೈಟಿಗೆ ಬರುತ್ತದೆ. ಕಂಪನಿಯ ಹೆಸರು, ಎಷ್ಟು ಹೆಕ್ಟೇರ್, ಡಿಎಫ್‌ಒ ಏನು ಬರೆದಿದ್ದಾರೆ, ಎಲ್ಲ ಅಲ್ಲಿ ಹುಡುಕಬಹುದು. ಗ್ರಾಮಸಭೆಯ ಠರಾವು ಇದೆಯಾ ಅಂತ ಮೊದಲು ನೋಡಿ ಅಂದೆ. 2009ರ ಸುತ್ತೋಲೆ ಪ್ರಕಾರ ಗ್ರಾಮಸಭೆ ಒಪ್ಪಿಗೆ ಮೊದಲೇ ಬೇಕಿತ್ತು. 2022ರ ನಿಯಮಗಳು ಬಂದ ಮೇಲೆ ಅರಣ್ಯ ಹಕ್ಕಿನ ವಿಚಾರಣೆಯನ್ನು ರಾಜ್ಯದ ಪಾಲಿಗೆ, ಕೊನೆಯ ಹಂತಕ್ಕೆ ತಳ್ಳಿದ್ದಾರೆ. ಅಷ್ಟರಲ್ಲಿ ಕೇಂದ್ರದ ಒಪ್ಪಿಗೆ ಆಗಿಯೇ ಹೋಗಿರಬಹುದು. ಅದಕ್ಕೇ ತಡ ಮಾಡಬೇಡಿ ಅಂತಲೂ ಹೇಳಿದೆ.

"ನಮ್ಮೂರಾಗ ಗ್ರಾಮಸಭೆ ಆಗೇ ಇಲ್ಲ ಸಾರ್" ಅಂದರು. "ಆದ್ರೆ ಪುಸ್ತಕದಾಗ ಆಗಿರಬಹುದು."

ಸಭೆ ನಕ್ಕಿತು. ಅವರು ನಗಲಿಲ್ಲ. ಜೇಬಿನಿಂದ ಕರಪತ್ರ ತೆಗೆದು, ಹಿಂದಿನ ಖಾಲಿ ಬದಿಯಲ್ಲಿ ಬರೆದುಕೊಳ್ಳುತ್ತಾ ಕೇಳಿದರು. "ಪರಿವೇಶ್... ಕೊನೆಗೆ ಶಕಾರನೋ ಷಕಾರನೋ?"